ತೊಳೆದ ನೀರು, ತೀರದ ಸಾಲ

ಕ್ರೈಸ್ತರ ದೀಕ್ಷಾಸ್ನಾನದ ಮಾತು ಬಂದರೆ ನಮ್ಮ ಪ್ರವಚನಕಾರರಲ್ಲಿ ಕೆಲವರಿಗೆ ನಗು ಬರುತ್ತದೆ. ಪಾದ್ರಿ ಮೂರು ಸಲ ತಲೆಗೆ ನೀರು ಹೊಯ್ದರೆ ಹುಟ್ಟಿನಿಂದ ಬಂದ ಪಾಪವೂ ಹೋಯಿತು, ಮಾಡಿದ ಪಾಪವೂ ಹೋಯಿತಂತೆ. ಹಾಗಾದರೆ ಹೊಳೆಯ ಮೀನುಗಳೆಲ್ಲ ಸ್ವರ್ಗದಲ್ಲಿರಬೇಕಿತ್ತಲ್ಲ ಎಂದು ಸಭೆಯನ್ನು ನಗಿಸುತ್ತಾರೆ. ವಿಚಾರವಾದಿಗಳೂ ಇದೇ ಹಾಸ್ಯ ಮಾಡುತ್ತಾರೆ. ಮತಾಂತರದ ವಿರುದ್ಧ ಊರೂರು ಸುತ್ತಿ ಭಾಷಣ ಬಿಗಿಯುವವರೂ ಮಾಡುತ್ತಾರೆ. ಒಬ್ಬರ ಮುಖ ಒಬ್ಬರು ನೋಡದ ಮೂರು ಗುಂಪುಗಳು ಒಂದೇ ಮಾತಿಗೆ ನಗುತ್ತವೆ ಎಂದರೆ, ಆ ಮಾತನ್ನು ಕೊಂಚ ತಿರುಗಿಸಿ ನೋಡುವುದು ಒಳ್ಳೆಯದು.

ನೀರು ಪಾಪವನ್ನು ತೊಳೆಯುತ್ತದೆಯೋ ಇಲ್ಲವೋ ಎಂಬುದು ದೇವರಿಗೆ ಬಿಟ್ಟ ವಿಷಯ. ಅದರ ಬಗ್ಗೆ ನಮಗೊಂದು ನಂಬಿಕೆ, ಕ್ರೈಸ್ತ ಬಂಧುಗಳಿಗೊಂದು ನಂಬಿಕೆ. ನಮ್ಮ ತಕರಾರು ಅಲ್ಲಿಲ್ಲ. ಮನುಷ್ಯ ಮನುಷ್ಯನಿಗೆ ಮಾಡಿದ ಅನ್ಯಾಯದ ಲೆಕ್ಕವನ್ನು ಅದೇ ನೀರಿನಲ್ಲಿ ಅದ್ದಿ ಅಳಿಸಿದವರು ಯಾರು, ಯಾರ ಲಾಭಕ್ಕಾಗಿ ಅಳಿಸಿದರು ಎಂಬುದು ಮಾತ್ರ ಚರಿತ್ರೆಗೆ ಸೇರಿದ ವಿಷಯ. ಅದನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಕೇಳಬೇಕಾದವರು ಮೀನಿನ ಹಾಸ್ಯ ಮಾಡಿಕೊಂಡು ಕೂತಿದ್ದಾರೆ ಎಂಬುದೇ ನಮ್ಮ ಬೇಸರ.

ಮೊದಲು ನಂಬಿಕೆ ಏನೆಂಬುದನ್ನು ಸರಿಯಾಗಿ ತಿಳಿದುಕೊಳ್ಳೋಣ. ಪಾಪಕ್ಷಮೆಗಾಗಿ ಒಂದೇ ದೀಕ್ಷಾಸ್ನಾನ ಎಂಬುದು ನೈಸೀನ್ ವಿಶ್ವಾಸಪ್ರಮಾಣದಲ್ಲೇ ಸೇರಿರುವ ಮಾತು, ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಧರ್ಮಸಭೆಯ ಕಾಲದಿಂದ ಚರ್ಚು ಅದನ್ನು ಪಠಿಸುತ್ತ ಬಂದಿದೆ. ಆದಮನ ಪಾಪ ಹುಟ್ಟುವ ಪ್ರತಿ ಮಗುವಿಗೂ ಅಂಟಿ ಬರುತ್ತದೆ ಎಂಬ ವಾದವನ್ನು ಸಂತ ಅಗಸ್ಟೀನ್ ಗಟ್ಟಿಗೊಳಿಸಿದ. ಆದ್ದರಿಂದಲೇ ಕ್ಯಾಥೊಲಿಕರು ಹಸುಗೂಸಿಗೆ ದೀಕ್ಷೆ ಕೊಡಿಸುತ್ತಾರೆ. ಬ್ಯಾಪ್ಟಿಸ್ಟರು ಇದನ್ನು ಒಪ್ಪುವುದಿಲ್ಲ. ತಿಳಿವಳಿಕೆ ಬಂದವನು ತಾನಾಗಿ ನಂಬಿ ನೀರಿಗಿಳಿಯಬೇಕು, ನೀರು ಒಳಗಿನ ಬದಲಾವಣೆಯ ಗುರುತು ಮಾತ್ರ ಎನ್ನುತ್ತಾರೆ. ಮಗು ನಿರ್ಮಲವಾಗಿಯೇ ಹುಟ್ಟುತ್ತದೆ, ಒಬ್ಬರ ಪಾಪದ ಹೊರೆ ಇನ್ನೊಬ್ಬರ ಹೆಗಲಿಗೆ ಬರುವುದಿಲ್ಲ ಎಂಬುದು ಮುಸ್ಲಿಮರಾದ ನಮ್ಮ ನಂಬಿಕೆ. ಈ ಭಿನ್ನಾಭಿಪ್ರಾಯ ನಿಜವಾದದ್ದು, ದೊಡ್ಡದು. ಅದನ್ನು ಮುಚ್ಚಿಟ್ಟು ಸ್ನೇಹ ಬೆಳೆಸಬೇಕಾದ ಅಗತ್ಯವೂ ಇಲ್ಲ.

ಆದರೆ ಯೋರ್ದಾನ್ ನದಿಯ ದಡದಲ್ಲಿ ದೀಕ್ಷೆ ಕೊಡುತ್ತಿದ್ದ ಯೋಹಾನ ನಮಗೂ ಅಪರಿಚಿತನಲ್ಲ. ಅವರು ನಮಗೆ ಪ್ರವಾದಿ ಯಹ್ಯಾ(ಅ). ಲೂಕನ ಸುವಾರ್ತೆಯ ಮೂರನೇ ಅಧ್ಯಾಯವನ್ನು ತೆರೆದು ನೋಡಿ. ಪಾಪಕ್ಷಮೆಗಾಗಿ ಮುಳುಗಲು ಬಂದ ಜನ ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಎಷ್ಟು ಸಲ ಮುಳುಗಬೇಕು, ಯಾವ ಮಂತ್ರ ಹೇಳಬೇಕು ಎಂದು ಯೋಹಾನ ಹೇಳುವುದಿಲ್ಲ. ಎರಡು ಅಂಗಿ ಇರುವವನು ಒಂದನ್ನು ಇಲ್ಲದವನಿಗೆ ಕೊಡಲಿ ಎನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೀಳಬೇಡಿ ಎನ್ನುತ್ತಾನೆ. ಸೈನಿಕರಿಗೆ, ಬೆದರಿಸಿ ಸುಲಿಯಬೇಡಿ, ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾನೆ. ಒಂದೊಂದು ಕಸುಬಿನವನಿಗೂ ಅವನವನ ಕಸುಬಿನ ಪಾಪವನ್ನೇ ಎತ್ತಿ ತೋರಿಸುತ್ತಾನೆ. ಅದೇ ಲೂಕನ ಹತ್ತೊಂಬತ್ತನೇ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದ ಮುಖ್ಯಸ್ಥ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸಮಾಡಿ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು ಎಂದು ನಿಂತ ಜಾಗದಲ್ಲೇ ಹೇಳುತ್ತಾನೆ. ಈ ಮನೆಗೆ ಇಂದು ರಕ್ಷಣೆ ಬಂತು ಎಂದು ಯೇಸು ಸಾರುವುದು ಅದಾದ ಮೇಲೆ.

ಈ ಶರತ್ತು ಎಲ್ಲಿ ಕಳೆದುಹೋಯಿತು?

ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಸಾವಿನ ಹಾಸಿಗೆಯಲ್ಲಿ. ಅದಕ್ಕೂ ಹನ್ನೊಂದು ವರ್ಷ ಮೊದಲು, 326ರಲ್ಲಿ, ಹೆತ್ತ ಮಗ ಕ್ರಿಸ್ಪಸ್‌ನನ್ನೇ ಕೊಲ್ಲಿಸಿದ್ದ. ದೀಕ್ಷೆಯನ್ನು ಕಡೆಯವರೆಗೆ ಮುಂದೂಡುವುದು ಆ ಕಾಲದಲ್ಲಿ ಅವನೊಬ್ಬನ ರೂಢಿಯಾಗಿರಲಿಲ್ಲ. ನೀರು ಹಿಂದಿನದನ್ನೆಲ್ಲ ತೊಳೆಯುವುದಾದರೆ, ಮತ್ತು ಅದು ಒಂದೇ ಸಲ ಸಿಗುವುದಾದರೆ, ಮಾಡುವುದನ್ನೆಲ್ಲ ಮಾಡಿ ಮುಗಿಸಿದ ಮೇಲೆ ತೊಳೆಸಿಕೊಂಡರಾಯಿತು ಎಂಬ ವ್ಯಾಪಾರಬುದ್ಧಿ ಅನೇಕರಲ್ಲಿತ್ತು. ಇದರ ವಿರುದ್ಧ ಗುಡುಗಿದವರು ಚರ್ಚಿನ ಹಿರಿಯರೇ. ನಜಿಯಾನ್‌ಜಸ್‌ನ ಗ್ರೆಗರಿ 381ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲಿನಲ್ಲಿ ದೀಕ್ಷಾಸ್ನಾನದ ಬಗ್ಗೆ ಒಂದು ಉಪದೇಶ ಕೊಟ್ಟ. ಅನ್ಯಾಯದಿಂದ ಗಳಿಸಿದವನು ಎರಡು ಕೆಲಸ ಮಾಡಿರುತ್ತಾನೆ ಎಂಬುದು ಅವನ ವಾದ. ಕಿತ್ತುಕೊಂಡದ್ದು ಒಂದು, ಕಿತ್ತುಕೊಂಡದ್ದನ್ನು ಇಟ್ಟುಕೊಂಡಿರುವುದು ಇನ್ನೊಂದು. ಕಿತ್ತುಕೊಂಡದ್ದಕ್ಕೆ ನೀರಿನಲ್ಲಿ ಕ್ಷಮೆ ಸಿಗಬಹುದು. ಆದರೆ ಪರರ ಸ್ವತ್ತು ಇನ್ನೂ ಮನೆಯಲ್ಲೇ ಇರುವಾಗ ಎರಡನೆಯ ಪಾಪ ದೀಕ್ಷೆಯ ನಂತರವೂ ನಡೆಯುತ್ತಲೇ ಇರುತ್ತದೆ, ಅದಕ್ಕೆ ಆ ನೀರು ಒದಗುವುದಿಲ್ಲ.

ಎಷ್ಟು ಸರಳವಾದ ಲೆಕ್ಕ! ಕಿರಾಣಿ ಅಂಗಡಿಯ ಹುಡುಗನಿಗೂ ಅರ್ಥವಾಗುತ್ತದೆ. ಸಾವಿರದ ಇನ್ನೂರೈವತ್ತು ವರ್ಷಗಳ ನಂತರ ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಬೈಬಲ್ ಹಿಡಿದು ಕೂತಿದ್ದ ತೋಟದ ಯಜಮಾನರಿಗೆ ಮಾತ್ರ ಅರ್ಥವಾಗಲಿಲ್ಲ.

ಆಫ್ರಿಕಾದ ಬಂದರುಗಳಲ್ಲಿ ಪೋರ್ಚುಗೀಸರು ಸೆರೆಯಾದ ಜನರನ್ನು ಹಡಗು ಹತ್ತಿಸುವ ಮೊದಲು ಸಾಮೂಹಿಕವಾಗಿ ದೀಕ್ಷೆ ಕೊಡಿಸುತ್ತಿದ್ದರು. ನಾಲಿಗೆಯ ಮೇಲೆ ಚಿಟಿಕೆ ಉಪ್ಪು, ತಲೆಯ ಮೇಲೆ ನೀರು, ಪೆದ್ರೊ, ಜುವಾನ್ ಎಂದೊಂದು ಹೊಸ ಹೆಸರು. ದಕ್ಷಿಣ ಅಮೆರಿಕದ ಕಾರ್ತಹೆನಾ ಬಂದರಿನಲ್ಲಿ ಆ ಹಡಗುಗಳನ್ನು ಎದುರುಗೊಳ್ಳುತ್ತಿದ್ದ ಜೆಸ್ವಿಟ್ ಪಾದ್ರಿ ಅಲೊನ್ಸೊ ದೆ ಸಾಂದೊವಾಲ್ 1627ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಆ ಜನರಿಗೆ ನೀರಿನ ಅರ್ಥವನ್ನೇ ಯಾರೂ ತಿಳಿಸಿರಲಿಲ್ಲ, ಇಂಥ ದೀಕ್ಷೆ ಸಿಂಧುವೇ ಎಂದು ಸಂಶಯಪಟ್ಟಿದ್ದಾನೆ. ಆ ಪಾದ್ರಿಯ ಕಾಳಜಿ ಪ್ರಾಮಾಣಿಕವಾದದ್ದೇ. ಆದರೆ ಅದರ ಮಿತಿ ನೋಡಿ. ಅವನಿಗೆ ದೀಕ್ಷೆ ಸಿಂಧುವೇ ಎಂಬ ಸಂಶಯ ಬಂತು. ಗುಲಾಮಗಿರಿ ಎಂಬ ಪದ್ಧತಿಯನ್ನೇ ತೊಲಗಿಸಬೇಕು ಎಂಬಲ್ಲಿಗೆ ಅವನು ಬರಲಿಲ್ಲ.

ಇನ್ನು ಇಂಗ್ಲಿಷರ ವರ್ಜೀನಿಯಾಕ್ಕೆ ಬರೋಣ. ಕ್ರೈಸ್ತನು ಕ್ರೈಸ್ತನನ್ನು ಗುಲಾಮನಾಗಿ ಇಟ್ಟುಕೊಳ್ಳಬಾರದು ಎಂಬ ಭಾವನೆ ಇಂಗ್ಲಿಷರಲ್ಲಿ ಆಗಿನ್ನೂ ಉಳಿದಿತ್ತು. ಎಲಿಜಬೆತ್ ಕೀ ಎಂಬ ಹೆಣ್ಣುಮಗಳು, ತನ್ನ ತಂದೆ ಇಂಗ್ಲಿಷಿನವನು, ತಾನು ದೀಕ್ಷಾಸ್ನಾನವಾದ ಕ್ರೈಸ್ತಳು, ತನ್ನ ಸೇವೆಯ ಅವಧಿಯೂ ಮುಗಿದಿದೆ ಎಂದು ವಾದಿಸಿ 1656ರಲ್ಲಿ ಬಿಡುಗಡೆ ಪಡೆದಳು. ತೋಟದ ಮಾಲೀಕರಿಗೆ ದಿಗಿಲಾಯಿತು. 1662ರಲ್ಲಿ ಒಂದು ಕಾನೂನು ಬಂತು: ಹುಟ್ಟುವ ಮಗು ತಾಯಿಯ ಸ್ಥಿತಿಯನ್ನೇ ಅನುಸರಿಸತಕ್ಕದ್ದು. ತಂದೆಯ ದಾರಿ ಮುಚ್ಚಿತು. 1667ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬಂತು: ದೀಕ್ಷಾಸ್ನಾನದಿಂದ ಗುಲಾಮನ ದಾಸ್ಯಕ್ಕೆ ಯಾವ ಬದಲಾವಣೆಯೂ ಆಗತಕ್ಕದ್ದಲ್ಲ. ನೀರಿನ ದಾರಿಯೂ ಮುಚ್ಚಿತು. ಈ ಕಾನೂನಿಗೆ ಅವರು ಕೊಟ್ಟ ಕಾರಣವನ್ನು ಓದಿದರೆ ಮೈ ಉರಿಯುತ್ತದೆ. ಗುಲಾಮ ಕೈತಪ್ಪುತ್ತಾನೆಂಬ ಶಂಕೆ ನಿವಾರಣೆಯಾದರೆ ಮಾಲೀಕರು ಹೆಚ್ಚು ಉತ್ಸಾಹದಿಂದ ಕ್ರೈಸ್ತಧರ್ಮ ಪ್ರಸಾರ ಮಾಡುತ್ತಾರಂತೆ! ಮೇರಿಲ್ಯಾಂಡ್ 1671ರಲ್ಲಿ, ನ್ಯೂಯಾರ್ಕ್ 1706ರಲ್ಲಿ ಇದೇ ಹಾದಿ ಹಿಡಿದವು.

ಶಾಸನಸಭೆಗಳು ಮಾಡಿದ್ದಕ್ಕೆ ಚರ್ಚು ಏನು ಮಾಡೀತು ಎಂದು ಯಾರಾದರೂ ಕೇಳಬಹುದು. ಚರ್ಚು ಏನು ಮಾಡಿತೆಂಬುದಕ್ಕೂ ದಾಖಲೆಯಿದೆ. ದಕ್ಷಿಣ ಕ್ಯಾರೊಲಿನಾದ ಗೂಸ್ ಕ್ರೀಕ್ ಎಂಬಲ್ಲಿ ಫ್ರಾನ್ಸಿಸ್ ಲಿ ಜಾ ಎಂಬ ಮಿಷನರಿ ಇದ್ದ. ಗುಲಾಮರಿಗೆ ದೀಕ್ಷೆ ಕೊಡಲು ಹಟ ಹಿಡಿದು ದುಡಿದವನು, ಅವರ ಮೇಲಿನ ಕ್ರೌರ್ಯವನ್ನು ಖಂಡಿಸಿದವನು. ಅಂಥವನು ಕೂಡ ದೀಕ್ಷೆಗೆ ಮೊದಲು ಅವರಿಂದ ಸಭೆಯೆದುರು ಒಂದು ಪ್ರಮಾಣ ಮಾಡಿಸುತ್ತಿದ್ದ: ಯಜಮಾನನ ಸೇವೆಯಿಂದ ತಪ್ಪಿಸಿಕೊಳ್ಳುವ ಉದ್ದೇಶದಿಂದ ನಾನು ಈ ದೀಕ್ಷೆ ಕೇಳುತ್ತಿಲ್ಲ ಎಂದು. ಕತೆ ಬರೆಯುವ ನಮಗೆ ಈ ದೃಶ್ಯ ಮನಸ್ಸಿನಿಂದ ಹೋಗುವುದಿಲ್ಲ. ಯೋರ್ದಾನ್ ದಡದಲ್ಲಿ ಯೋಹಾನ ಪ್ರಶ್ನೆ ಹಾಕಿದ್ದು ಸುಲಿಯುವವನಿಗೆ. ಗೂಸ್ ಕ್ರೀಕಿನಲ್ಲಿ ಪ್ರಮಾಣ ಮಾಡಬೇಕಾದವನು ಸುಲಿಗೆಗೊಳಗಾದವನು! ಯಜಮಾನ ಮುಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಳ್ಳುತ್ತಾನೆ, ಅಷ್ಟೆ.

1727ರಲ್ಲಿ ಲಂಡನ್ನಿನ ಬಿಷಪ್ ಎಡ್ಮಂಡ್ ಗಿಬ್ಸನ್ ವಸಾಹತುಗಳ ಮಾಲೀಕರಿಗೆ ಪತ್ರ ಬರೆದು ಧೈರ್ಯ ತುಂಬಿದ. ಕ್ರೈಸ್ತಧರ್ಮ ಕೊಡುವ ಬಿಡುಗಡೆ ಪಾಪದಿಂದ, ಸೈತಾನನಿಂದ. ಹೊರಗಿನ ಸ್ಥಿತಿಯಾಗಲಿ ಆಸ್ತಿಯ ಹಕ್ಕಾಗಲಿ ಅದರಿಂದ ಬದಲಾಗುವುದಿಲ್ಲ ಎಂಬುದು ಅದರ ತಾತ್ಪರ್ಯ. ಆ ಕಾಲದಲ್ಲಿ ಚರ್ಚಿನ ಕೈಯಲ್ಲೇ ಗುಲಾಮರಿದ್ದರು. ಕ್ರಿಸ್ಟೊಫರ್ ಕಾಡ್ರಿಂಗ್ಟನ್ 1710ರಲ್ಲಿ ಸತ್ತಾಗ ಬಾರ್ಬಡೋಸಿನ ತನ್ನ ಕಬ್ಬಿನ ತೋಟಗಳನ್ನು ಎಸ್.ಪಿ.ಜಿ. ಎಂಬ ಆಂಗ್ಲಿಕನ್ ಮಿಷನರಿ ಸೊಸೈಟಿಗೆ ಬರೆದಿಟ್ಟಿದ್ದ. ಅಲ್ಲಿನ ಗುಲಾಮರ ಎದೆಗೆ ಕಾದ ಕಬ್ಬಿಣದಿಂದ ‘ಸೊಸೈಟಿ’ ಎಂಬ ಮುದ್ರೆ ಒತ್ತುತ್ತಿದ್ದರು. ಹಣೆಗೆ ಶಿಲುಬೆಯ ಗುರುತು ಹಾಕಿ ಪಾಪಕ್ಷಮೆ ಸಾರುವವರು ಎದೆಗೆ ಹಾಕಿದ ಗುರುತು ಅದು.

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿಯನ್ನು ರದ್ದುಗೊಳಿಸಿ ಎರಡು ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತು. ಯಾರಿಗೆ? ಮಾಲೀಕರಿಗೆ. ಕಾಡ್ರಿಂಗ್ಟನ್ ತೋಟದ 411 ಗುಲಾಮರ ಬಾಬ್ತು ಸೊಸೈಟಿಗೆ 8,823 ಪೌಂಡ್ ಸಂದಾಯವಾಯಿತು. ಆ 411 ಜನರಿಗೆ ಒಂದು ಬಿಡಿಗಾಸೂ ಇಲ್ಲ. 1834ರಲ್ಲಿ ಹೆಸರಿಗೆ ಬಿಡುಗಡೆಯಾದ ಮೇಲೂ 1838ರವರೆಗೆ ‘ಕೆಲಸ ಕಲಿಯುವವರು’ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆ. ಜಕ್ಕಾಯನ ನಾಲ್ಕರಷ್ಟು ಎಲ್ಲಿ, ಕಳ್ಳನಿಗೇ ಕೊಟ್ಟ ಈ ಪರಿಹಾರ ಎಲ್ಲಿ!

ಹಾಗಾದರೆ ದೀಕ್ಷಾಸ್ನಾನವೇ ದಾಸ್ಯದ ಉಪಕರಣವೆಂದು ಹೇಳಿ ಮುಗಿಸಿಬಿಡೋಣವೇ? ನಮ್ಮಲ್ಲಿ ಕೆಲವರಿಗೆ ಅದು ಇಷ್ಟವಾಗಬಹುದು, ಆದರೆ ಸತ್ಯವಾಗುವುದಿಲ್ಲ. ಅದೇ ನೀರಿನಲ್ಲಿ ಮುಳುಗಿ ಎದ್ದವರು ಅದನ್ನು ಬೇರೆ ರೀತಿ ಓದಿಕೊಂಡರು. ಜಮೈಕಾದ ಸ್ಯಾಮ್ ಶಾರ್ಪ್ ಗುಲಾಮ, ಬ್ಯಾಪ್ಟಿಸ್ಟ್ ಸಭೆಯ ಡೀಕನ್. 1831ರ ಕ್ರಿಸ್ಮಸ್ ಹಬ್ಬ ಮುಗಿಯುತ್ತಿದ್ದಂತೆ, ಕೂಲಿ ಕೊಡದೆ ಕಬ್ಬು ಕಡಿಯುವುದಿಲ್ಲ ಎಂದು ಮುಷ್ಕರ ಹೂಡಲು ಅವನು ಜನರನ್ನು ಸಂಘಟಿಸಿದ. ಮುಷ್ಕರ ದಂಗೆಯಾಯಿತು. ಚರಿತ್ರೆಯಲ್ಲಿ ಅದಕ್ಕೆ ‘ಬ್ಯಾಪ್ಟಿಸ್ಟ್ ಯುದ್ಧ’ ಎಂಬ ಹೆಸರೇ ಇದೆ. ಸತ್ತ ಬಿಳಿಯರು 14. ಸರ್ಕಾರ ಗಲ್ಲಿಗೇರಿಸಿದ, ಗುಂಡಿಟ್ಟು ಕೊಂದ ಗುಲಾಮರು 300ಕ್ಕೂ ಹೆಚ್ಚು. ಶಾರ್ಪ್‌ನನ್ನು 1832ರ ಮೇ 23ರಂದು ನೇಣಿಗೆ ಹಾಕಿದರು. ಬ್ಯಾಪ್ಟಿಸ್ಟರ ಪ್ರಾರ್ಥನಾ ಮಂದಿರಗಳನ್ನು ಬಿಳಿಯರ ಗುಂಪುಗಳು ಕೆಡವಿದವು. ಮರುವರ್ಷವೇ ಲಂಡನ್ನಿನಲ್ಲಿ ಗುಲಾಮಗಿರಿ ರದ್ದತಿಯ ಕಾನೂನು ಬಂತು. ನೀರು ಒಂದೇ, ಗ್ರಂಥ ಒಂದೇ. ಯಜಮಾನ ಅದರಲ್ಲಿ ತನ್ನ ಹಳೆಯ ಲೆಕ್ಕದ ರದ್ದತಿಯನ್ನು ಕಂಡ. ಗುಲಾಮ ತನಗೆ ಬರಬೇಕಾದ ಬಾಕಿಯನ್ನು ಕಂಡ.

ಇಂಗ್ಲೆಂಡಿನ ಚರ್ಚು ತನ್ನ ಪಾಲಿನ ಪಾಪಕ್ಕೆ ಕ್ಷಮೆ ಕೇಳಲು 2006ರ ಫೆಬ್ರವರಿಯವರೆಗೆ ಕಾಯಬೇಕಾಯಿತು. 2023ರ ಜನವರಿಯಲ್ಲಿ ಚರ್ಚಿನ ಆಸ್ತಿ ನೋಡಿಕೊಳ್ಳುವ ಕಮಿಷನರರು, ಗುಲಾಮರ ವ್ಯಾಪಾರದ ಕಂಪನಿಯಲ್ಲಿ ಹಣ ಹೂಡಿದ್ದ ಹಳೆಯ ನಿಧಿಯಿಂದಲೇ ತಮ್ಮ ಸಂಪತ್ತಿನ ಒಂದು ಭಾಗ ಬೆಳೆದಿದೆ ಎಂದು ಒಪ್ಪಿ ಹತ್ತು ಕೋಟಿ ಪೌಂಡಿನ ನಿಧಿ ಘೋಷಿಸಿದರು. ಎಸ್.ಪಿ.ಜಿ.ಯ ಇಂದಿನ ವಾರಸುದಾರ ಸಂಸ್ಥೆ ಅದೇ ವರ್ಷ ಬಾರ್ಬಡೋಸಿಗೆ 70 ಲಕ್ಷ ಪೌಂಡ್ ಕೊಡುವುದಾಗಿ ಹೇಳಿತು. ಸತ್ತವರು ಎದ್ದು ಬಂದು ಮಾಫಿ ಮಾಡಲಾರರು, ನಿಜ. ಆದರೂ ಲೆಕ್ಕದ ಪುಸ್ತಕ ತೆರೆದು ನೋಡುವ ಕೆಲಸ ಶುರುವಾದದ್ದು ಒಳ್ಳೆಯದೇ. ಗ್ರೆಗರಿ ಹೇಳಿದ ಎರಡನೆಯ ಪಾಪ ಕಣ್ಣಿಗೆ ಬೀಳಬೇಕಾದರೆ ಪುಸ್ತಕ ತೆರೆಯಲೇಬೇಕು. ಕ್ಯಾಥೊಲಿಕ್ ಚರ್ಚಿನ 1992ರ ಧರ್ಮೋಪದೇಶ ಗ್ರಂಥವೂ, ಕ್ಷಮೆ ಸಿಕ್ಕ ಮಾತ್ರಕ್ಕೆ ಆದ ಹಾನಿ ಸರಿಹೋಗುವುದಿಲ್ಲ, ಕದ್ದದ್ದನ್ನು ಹಿಂತಿರುಗಿಸಬೇಕು ಎಂದೇ ಬೋಧಿಸುತ್ತದೆ. ಬರಹದಲ್ಲಿ ಇರುವುದು ಬಾಳಿನಲ್ಲಿ ಇಳಿಯಲಿ ಎಂದಷ್ಟೇ ನಾವು ಕೇಳುವುದು.

ಈ ಬೇಡಿಕೆ ನಮ್ಮ ದೇಶಕ್ಕೂ ಅನ್ವಯಿಸುತ್ತದೆ. ಇಲ್ಲಿ ಗುಲಾಮನ ಜಾಗದಲ್ಲಿ ಅಸ್ಪೃಶ್ಯನಿದ್ದಾನೆ. ದೀಕ್ಷೆಯಲ್ಲಿ ಹಳೆಯ ಮನುಷ್ಯ ಸತ್ತು ಹೊಸ ಮನುಷ್ಯ ಏಳುತ್ತಾನೆ ಎಂಬ ಭರವಸೆ ನಂಬಿ ಲಕ್ಷಾಂತರ ದಲಿತರು ಕ್ರೈಸ್ತರಾದರು. ಹಳೆಯ ಜಾತಿ ಮಾತ್ರ ನೀರಿನಲ್ಲಿ ಮುಳುಗಲಿಲ್ಲ. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸಮಾಧಿಭೂಮಿಯಲ್ಲಿ ದಲಿತರ ಗೋರಿಗಳನ್ನು ಬೇರ್ಪಡಿಸಿ ಕಟ್ಟಿದ ಗೋಡೆಯ ವಿರುದ್ಧ ದಲಿತ ಕ್ರೈಸ್ತರು ಹೋರಾಡಬೇಕಾಯಿತು. ಚರ್ಚಿನೊಳಗೆ ಅಸ್ಪೃಶ್ಯತೆ ಇದೆ ಎಂದು ಭಾರತದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೇ 2016ರ ಡಿಸೆಂಬರಿನಲ್ಲಿ ತನ್ನ ದಲಿತ ನೀತಿಯ ದಾಖಲೆಯಲ್ಲಿ ಒಪ್ಪಿಕೊಂಡಿತು. ಇತ್ತ ಸರ್ಕಾರದ ನ್ಯಾಯ ಇನ್ನೂ ವಿಚಿತ್ರ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ದೊರೆಯಿತು. ಕ್ರೈಸ್ತರಾದ, ಮುಸ್ಲಿಮರಾದ ದಲಿತರಿಗೆ ಇಲ್ಲ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಒಬ್ಬ ಮಹಿಳೆಯ ಮೇಲ್ಮನವಿಯನ್ನು ತಳ್ಳಿಹಾಕಿದಾಗ, ಎಳೆಗೂಸಾಗಿದ್ದಾಗ ಆಕೆಗೆ ಆದ ದೀಕ್ಷಾಸ್ನಾನವೂ ಆಕೆಯ ವಿರುದ್ಧದ ಸಾಕ್ಷ್ಯಗಳಲ್ಲೊಂದಾಗಿತ್ತು. ವರ್ಜೀನಿಯಾದವರು, ನೀರಿನಿಂದ ನಿನ್ನ ಸ್ಥಿತಿ ಬದಲಾಗುವುದಿಲ್ಲ, ಆದ್ದರಿಂದ ದುಡಿ ಎಂದರು. ನಮ್ಮವರು, ನೀರಿನಿಂದ ನಿನ್ನ ಸ್ಥಿತಿ ಬದಲಾಯಿತು, ಆದ್ದರಿಂದ ನಿನಗೆ ಪಾಲಿಲ್ಲ ಎನ್ನುತ್ತಾರೆ. ಗೋರಿಗೆ ಹೋದಾಗ ಜಾತಿ ಉಂಟು, ಕಚೇರಿಗೆ ಹೋದಾಗ ಇಲ್ಲ.

ಇಷ್ಟು ಹೇಳಿ ಕೈತೊಳೆದುಕೊಳ್ಳುವ ಅರ್ಹತೆ ಮುಸ್ಲಿಮರಾದ ನಮಗಿಲ್ಲ. ಆಫ್ರಿಕಾದ ಜನರನ್ನು ಹಿಂದೂ ಮಹಾಸಾಗರದ ಮೇಲೆ ಸಾಗಿಸಿ ಮಾರಿದವರಲ್ಲಿ ಮುಸ್ಲಿಮ್ ವರ್ತಕರಿದ್ದರು. ಕಲಿಮಾ ಹೇಳಿದ ಮಾತ್ರಕ್ಕೆ ಗುಲಾಮ ಸ್ವತಂತ್ರನಾಗುತ್ತಿರಲಿಲ್ಲ. ಸೌದಿ ಅರೇಬಿಯಾ ಗುಲಾಮಗಿರಿಯನ್ನು ರದ್ದುಮಾಡಿದ್ದು 1962ರಲ್ಲಿ, ಮಾರಿಟೇನಿಯಾ 1981ರಲ್ಲಿ. ಇನ್ನು ಪಾಪ ತೊಳೆಯುವ ವಿಷಯಕ್ಕೆ ಬಂದರೆ, ನಮಗೂ ಹಜ್ ಇದೆ. ಸರಿಯಾಗಿ ಹಜ್ ಮಾಡಿ ಬಂದವನು ತಾಯಿ ಹೆತ್ತ ದಿನದಷ್ಟು ನಿರ್ಮಲ ಎಂಬ ಪ್ರವಾದಿ(ಸ)ಯವರ ಮಾತನ್ನು ಎಲ್ಲರೂ ನೆನಪಿಟ್ಟಿದ್ದಾರೆ. ಹುತಾತ್ಮನಿಗೆ ಎಲ್ಲವೂ ಕ್ಷಮೆ, ಸಾಲವೊಂದನ್ನು ಬಿಟ್ಟು ಎಂಬ ಅವರದೇ ಮಾತನ್ನು ಎಷ್ಟು ಜನ ನೆನಪಿಟ್ಟಿದ್ದಾರೆ? ನಮಾಝು, ಉಪವಾಸ, ಝಕಾತುಗಳ ರಾಶಿಯೊಡನೆ ಬಂದರೂ ಒಬ್ಬನನ್ನು ಬೈದು, ಇನ್ನೊಬ್ಬನ ಸ್ವತ್ತು ನುಂಗಿ, ಮತ್ತೊಬ್ಬನಿಗೆ ಹೊಡೆದು ಬಂದವನು ಕಿಯಾಮತ್ತಿನ ದಿನ ದಿವಾಳಿ, ಅವನ ಪುಣ್ಯವೆಲ್ಲ ಅನ್ಯಾಯಕ್ಕೊಳಗಾದವರಿಗೆ ಹಂಚಿಹೋಗುತ್ತದೆ ಎಂಬ ಹದೀಸನ್ನು ಎಷ್ಟು ಮಸೀದಿಗಳಲ್ಲಿ ವಿವರಿಸುತ್ತಾರೆ?

ಅಲ್ಲಾಹನ ಹಕ್ಕನ್ನು ಅಲ್ಲಾಹನು ಕ್ಷಮಿಸಿಯಾನು. ದಾಸರ ಹಕ್ಕನ್ನು, ಹುಕೂಕುಲ್ ಇಬಾದನ್ನು, ಆ ದಾಸನೇ ಬಿಟ್ಟುಕೊಡಬೇಕು ಎಂಬುದನ್ನು ಮದರಸದ ಮಕ್ಕಳಿಗೂ ಕಲಿಸುತ್ತೇವೆ. ಆಚರಣೆಯಲ್ಲಿ ಏನು ಮಾಡುತ್ತೇವೆ? ತಂಗಿಯರ ಪಾಲಿನ ಜಮೀನನ್ನು ನುಂಗಿದವನು, ಸೊಸೆಯ ತವರಿನಿಂದ ಬಂದ ವರದಕ್ಷಿಣೆಯಲ್ಲಿ ಮಹಡಿ ಎಬ್ಬಿಸಿದವನು, ಹಜ್ಜಿಗೆ ಹೊರಡುವ ಮುನ್ನ ಮನೆಮನೆಗೆ ಹೋಗಿ ‘ಕಹಾ ಸುನಾ ಮಾಫ್ ಕರ್‌ನಾ’ ಎಂದು ಕೈಹಿಡಿಯುತ್ತಾನೆ. ಆಡಿದ ಮಾತಿಗೆ ಮಾಫಿ ಕೇಳುತ್ತಾನೆ. ಜಮೀನಿನ ಪಹಣಿಯ ಸುದ್ದಿ ಎತ್ತುವುದಿಲ್ಲ. ತಂಗಿ ಕಣ್ಣೊರೆಸಿಕೊಂಡು ‘ಮಾಫ್ ಕಿಯಾ ಭಾಯಿಜಾನ್’ ಎನ್ನುತ್ತಾಳೆ. ಹಾರ ಹಾಕಿಸಿಕೊಂಡು ಹೊರಡುವವನ ಎದುರು ಆಕೆ ಬೇರೇನು ಹೇಳಲು ಸಾಧ್ಯ? ಗೂಸ್ ಕ್ರೀಕಿನ ಗುಲಾಮನ ಪ್ರಮಾಣಕ್ಕೂ ಈ ತಂಗಿಯ ಮಾಫಿಗೂ ಹೆಚ್ಚು ಅಂತರವಿಲ್ಲ. ಅಂಥವನು ಝಮ್‌ಝಮ್ ನೀರಿನ ಡಬ್ಬಿ ಹೊತ್ತು ಮರಳಿ ಬಂದು ನಿರ್ಮಲನಾದೆನೆಂದರೆ, ಮೀನಿನ ಹಾಸ್ಯ ಅವನಿಗೂ ಒಪ್ಪುತ್ತದೆ.

ಆದ್ದರಿಂದ ನಮ್ಮ ಪ್ರವಚನಕಾರರಲ್ಲಿ ಒಂದು ವಿನಂತಿ. ಕ್ರೈಸ್ತರ ನೀರನ್ನು ಗೇಲಿ ಮಾಡುವುದನ್ನು ಬಿಡಿ. ಅವರೊಡನೆ ವಾದಿಸಬೇಕೆಂದರೆ ಅವರದೇ ಯೋಹಾನನನ್ನು, ಅವರದೇ ಗ್ರೆಗರಿಯನ್ನು ಮುಂದಿಟ್ಟುಕೊಂಡು ವಾದಿಸಿ. ಅವರಲ್ಲಿ ಪ್ರಾಮಾಣಿಕರಾದವರು ನಿಮ್ಮೊಡನೆ ದನಿಗೂಡಿಸುತ್ತಾರೆ. ಕ್ರೈಸ್ತ ಬಂಧುಗಳಲ್ಲೂ ಒಂದು ವಿನಂತಿ. ದೀಕ್ಷೆಯ ಹೊತ್ತಿಗೆ ನೀವು ಸೈತಾನನನ್ನು ತ್ಯಜಿಸುತ್ತೀರಾ ಎಂದು ಕೇಳುತ್ತೀರಿ. ಅದರ ಜೊತೆಗೆ, ಕೂಲಿ ಬಾಕಿ ಇಟ್ಟಿದ್ದೀರಾ, ಸಮಾಧಿಭೂಮಿಯಲ್ಲಿ ಗೋಡೆ ಕಟ್ಟಿದ್ದೀರಾ ಎಂದೂ ಕೇಳಿ. ಹಸುಗೂಸು ಉತ್ತರ ಕೊಡಲಾರದು. ಎತ್ತಿಕೊಂಡು ನಿಂತ ತಂದೆತಾಯಿ, ಸುತ್ತ ನಿಂತ ಸಭೆ ಕೊಡಲಿ. ನಮ್ಮ ಮಸೀದಿ ಕಮಿಟಿಗಳು ಹಾಜಿಗಳನ್ನು ಬೀಳ್ಕೊಡುವ ಮುಂಚೆ ಅಕ್ಕತಂಗಿಯರ ಪಾಲಿನ ಕಾಗದಪತ್ರ ತೋರಿಸಿ ಎಂದು ಕೇಳಲಿ. ಒಂದೆರಡು ವರ್ಷ ಹಜ್ಜಿನ ಅರ್ಜಿಗಳು ಕಡಿಮೆಯಾದರೂ ಚಿಂತೆಯಿಲ್ಲ.